ಹತ್ತರಿಂದ ಎಂಟಕ್ಕೆ: ಪುರುಷರ ಜಿಮ್ನಾಸ್ಟಿಕ್ಸ್‌ನ ಹೊಸ ಲೆಕ್ಕದಲ್ಲಿ ಯಾರಿಗೆ ಲಾಭ?

2024ರ ಆಗಸ್ಟ್ 5, ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಹೈ ಬಾರ್ ಫೈನಲ್. ಜಪಾನಿನ ಶಿನ್ನೊಸುಕೆ ಒಕಾ ಪಡೆದದ್ದು 14.533. ಕೊಲಂಬಿಯಾದ ಆಂಗೆಲ್ ಬರಾಹಾಸ್ ಪಡೆದದ್ದೂ 14.533. ಮೂರನೇ ದಶಮಾಂಶದವರೆಗೂ ಸಮ ಸಮ. ಆದರೂ ಚಿನ್ನ ಹೋಗಿದ್ದು ಒಕಾ ಕೊರಳಿಗೆ. 17 ವರ್ಷದ ಬರಾಹಾಸ್‌ಗೆ ಬೆಳ್ಳಿ. ಕೊಲಂಬಿಯಾಕ್ಕೆ ಜಿಮ್ನಾಸ್ಟಿಕ್ಸ್‌ನಲ್ಲಿ ಅದೇ ಮೊದಲ ಒಲಿಂಪಿಕ್ ಪದಕ, ಹಾಗಾಗಿ ಅಲ್ಲಿ ಯಾರೂ ಅಷ್ಟು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ಇಬ್ಬರ ಅಂಕವನ್ನು ಒಡೆದು ನೋಡಿದರೆ ಸ್ವಾರಸ್ಯ ಗೊತ್ತಾಗುತ್ತದೆ. ಬರಾಹಾಸ್ ಮಾಡಿದ ರೂಟೀನ್‌ನ, ಅಂದರೆ ಬಾರ್ ಹಿಡಿದಲ್ಲಿಂದ ಇಳಿಯುವವರೆಗಿನ ಇಡೀ ಪ್ರದರ್ಶನದ, ಕಷ್ಟದ ಅಂಕ 6.6. ಒಕಾ ಅವರದ್ದು 5.9. ಅಂದರೆ ಹುಡುಗ ಒಕಾಗಿಂತ 0.7ರಷ್ಟು ಜಾಸ್ತಿ ಕಷ್ಟದ್ದನ್ನು ಮಾಡಿದ್ದ. ಆದರೆ ಒಕಾ ಮಾಡಿದ್ದು ಅಚ್ಚುಕಟ್ಟಾಗಿತ್ತು. ಅಚ್ಚುಕಟ್ಟಿನ ಅಂಕ ಅವರಿಗೆ 8.633, ಬರಾಹಾಸ್‌ಗೆ 7.933. ಕೂಡಿಸಿದರೆ ಸಮ. ಸಮ ಬಂದಾಗ ಅಚ್ಚುಕಟ್ಟಿನ ಅಂಕ ಯಾರದ್ದು ಜಾಸ್ತಿಯೋ ಅವರೇ ಮೇಲೆ, ಅನ್ನುವುದು ನಿಯಮ.

ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್, ಅಂದರೆ ಎಫ್‌ಐಜಿ, 2025ರ ಜನವರಿಯಿಂದ ಜಾರಿಗೆ ತಂದಿರುವ ಹೊಸ ನಿಯಮಾವಳಿ ಇಡೀ ಆಟವನ್ನು ಒಕಾ ಗೆದ್ದ ದಾರಿಯತ್ತ ತಳ್ಳುತ್ತಿದೆ. ಇದು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ವರೆಗಿನ ನಿಯಮಾವಳಿ. ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೆ ಈ ಪುಸ್ತಕ ಹೊಸದಾಗಿ ಬರುತ್ತದೆ. ಸಾಮಾನ್ಯವಾಗಿ ಅಲ್ಲಿಷ್ಟು ಇಲ್ಲಿಷ್ಟು ತಿದ್ದುಪಡಿ ಇರುತ್ತದೆ, ನೋಡುವವರಿಗೆ ಗೊತ್ತೂ ಆಗುವುದಿಲ್ಲ. ಈ ಸಲದ್ದು ಹಾಗಲ್ಲ: ಲೆಕ್ಕಕ್ಕೆ ಬರುವ ಕಸರತ್ತುಗಳು ಹತ್ತರಿಂದ ಎಂಟಕ್ಕೆ ಇಳಿದಿವೆ.

ಮೊದಲು ಅಂಕ ಹೇಗೆ ಬರುತ್ತದೆ ಅಂತ ನೋಡೋಣ. ಜಿಮ್ನಾಸ್ಟ್‌ಗೆ ಎರಡು ಬಗೆಯ ಅಂಕ. ಒಂದು ಡಿ ಸ್ಕೋರ್: ಏನು ಮಾಡಿದ, ಎಷ್ಟು ಕಷ್ಟದ್ದು ಮಾಡಿದ. ಇದಕ್ಕೆ ಮೇಲಿನ ಮಿತಿ ಇಲ್ಲ. ಇನ್ನೊಂದು ಇ ಸ್ಕೋರ್: ಮಾಡಿದ್ದನ್ನು ಎಷ್ಟು ಚೆನ್ನಾಗಿ ಮಾಡಿದ. ಇದು 10ರಿಂದ ಶುರುವಾಗಿ ಕೆಳಗಿಳಿಯುತ್ತದೆ. ಮೊಣಕಾಲು ಸ್ವಲ್ಪ ಬಾಗಿದರೆ 0.1 ಹೋಯಿತು. ಎದ್ದು ಕಾಣುವ ತಪ್ಪಾದರೆ 0.3, ದೊಡ್ಡದಾದರೆ 0.5. ಬಿದ್ದರೆ ಪೂರ್ತಿ 1.0.

ಡಿ ಸ್ಕೋರ್ ಕಟ್ಟುವುದು ಎಲಿಮೆಂಟ್‌ಗಳಿಂದ. ಬಾರ್ ಬಿಟ್ಟು ಲಾಗ ಹಾಕಿ ಮತ್ತೆ ಹಿಡಿಯುವುದು ಒಂದು ಎಲಿಮೆಂಟ್. ಕೈ ಮೇಲೆ ನಿಂತು ಗಿರಕಿ ಹೊಡೆಯುವುದು ಇನ್ನೊಂದು. ಪ್ರತಿಯೊಂದಕ್ಕೂ ಒಂದು ಅಕ್ಷರ ಇದೆ. ಎ ಅಂದರೆ 0.1, ಬಿ ಅಂದರೆ 0.2, ಹೀಗೇ ಏರುತ್ತಾ ಹೋಗುತ್ತದೆ. ಇದರ ಜೊತೆಗೆ ಎಲಿಮೆಂಟ್‌ಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ನಾಲ್ಕೂ ಗುಂಪಿನಿಂದ ಆಯ್ದುಕೊಂಡರೆ ಗುಂಪಿಗೆ 0.5ರಂತೆ 2.0ವರೆಗೆ ಸಿಗುತ್ತದೆ.

ಈ ಹಿಂದೆ ಒಂದು ರೂಟೀನ್‌ನಲ್ಲಿ ಹತ್ತು ಎಲಿಮೆಂಟ್ ಲೆಕ್ಕಕ್ಕೆ ಬರುತ್ತಿದ್ದವು. ಈಗ ಎಂಟು. ಕೊನೆಯಲ್ಲಿ ನೆಲಕ್ಕಿಳಿಯುವ ಡಿಸ್‌ಮೌಂಟ್ ಒಂದು, ಉಳಿದವುಗಳಲ್ಲಿ ಚೆನ್ನಾಗಿರುವ ಏಳು. ವಾಲ್ಟ್‌ನಲ್ಲಿ ಇರುವುದೇ ಒಂದು ಹಾರಿಕೆ, ಹಾಗಾಗಿ ಅದಕ್ಕೆ ಈ ಲೆಕ್ಕ ತಾಗುವುದಿಲ್ಲ. ಉಳಿದ ಐದು ಉಪಕರಣಗಳಿಗೂ ತಾಗುತ್ತದೆ: ಫ್ಲೋರ್, ಪಾಮೆಲ್ ಹಾರ್ಸ್, ರಿಂಗ್ಸ್, ಪ್ಯಾರಲಲ್ ಬಾರ್ಸ್, ಹೈ ಬಾರ್.

‘ಎರಡು ಕಮ್ಮಿ ಆಯ್ತು, ಎಲ್ಲರಿಗೂ ಅಷ್ಟೇ ಕಮ್ಮಿ, ಏನೀಗ?’ ಅಂತ ಅನಿಸಬಹುದು. ಎಲ್ಲರಿಗೂ ಅಷ್ಟೇ ಕಮ್ಮಿ ಆಗುವುದಿಲ್ಲ. ವಿಷಯ ಇರುವುದೇ ಅಲ್ಲಿ.

ಇಬ್ಬರು ಜಿಮ್ನಾಸ್ಟ್‌ಗಳನ್ನು ಸುಮ್ನೆ ಕಲ್ಪಿಸಿಕೊಳ್ಳಿ. ಒಬ್ಬ ಆ ಉಪಕರಣದಲ್ಲೇ ಪಳಗಿದ ಹುಲಿ, ಇನ್ನೊಬ್ಬ ಆರೂ ಉಪಕರಣ ಮಾಡುವ ಸಾಧಾರಣ ಆಟಗಾರ. ಹುಲಿಯ ಹತ್ತು ಎಲಿಮೆಂಟ್‌ಗಳ ಬೆಲೆ ಹೀಗಿದೆ ಅನ್ನಿ: ಡಿಸ್‌ಮೌಂಟ್ 0.6, ಉಳಿದವು 0.7, 0.6, ಮೂರು 0.5, ನಾಲ್ಕು 0.4. ಒಟ್ಟು 5.0. ಗುಂಪಿನ 2.0 ಸೇರಿಸಿದರೆ ಡಿ ಸ್ಕೋರ್ 7.0. ಸಾಧಾರಣದವನದ್ದು ಡಿಸ್‌ಮೌಂಟ್ 0.5, ಉಳಿದವು 0.6, ಎರಡು 0.5, ಮೂರು 0.4, ಎರಡು 0.3, ಒಂದು 0.2. ಒಟ್ಟು 4.1, ಗುಂಪಿನದ್ದು ಸೇರಿ 6.1. ಇಬ್ಬರ ನಡುವಿನ ಅಂತರ 0.9.

ಈಗ ಇಬ್ಬರಿಂದಲೂ ಅತಿ ಕಡಿಮೆ ಬೆಲೆಯ ಎರಡನ್ನು ತೆಗೆಯಿರಿ. ಹುಲಿ ಕಳೆದುಕೊಳ್ಳುವುದು ಎರಡು 0.4, ಅಂದರೆ 0.8. ಉಳಿಯುವುದು 6.2. ಸಾಧಾರಣದವನು ಕಳೆದುಕೊಳ್ಳುವುದು 0.3 ಮತ್ತು 0.2, ಅಂದರೆ 0.5. ಉಳಿಯುವುದು 5.6. ಅಂತರ 0.9 ಇದ್ದದ್ದು 0.6ಕ್ಕೆ ಇಳಿಯಿತು. ಸಾಧಾರಣದವನು ಹೊಸದಾಗಿ ಒಂದೇ ಒಂದು ಲಾಗ ಕಲಿಯದೆ 0.3 ಹತ್ತಿರ ಬಂದ. ಪೂರ್ತಿ ರೂಟೀನ್ ಕಷ್ಟದ್ದೇ ಇದ್ದವನಿಗೆ ಕತ್ತರಿ ಜೋರಾಗಿ ಬಿತ್ತು. ಕೊನೆಯ ಎರಡನ್ನು ಸುಮ್ನೆ ಲೆಕ್ಕ ಭರ್ತಿಗೆ ಅಂತ ಹಾಕಿಕೊಂಡವನಿಗೆ ಅಷ್ಟು ನೋವಾಗಲಿಲ್ಲ.

ಇ ಸ್ಕೋರ್ ಕಡೆಯೂ ನೋಡಿ. ಪ್ರತಿ ಎಲಿಮೆಂಟ್ ಮಾಡುವಾಗ ಒಂದಿಷ್ಟು ಕಡಿತ ಆಗಿಯೇ ಆಗುತ್ತದೆ. ಲೆಕ್ಕ ಭರ್ತಿಯ ಒಂದು ಸಿ ಎಲಿಮೆಂಟ್‌ನಿಂದ 0.3 ಗಳಿಸಿ, ಅದನ್ನು ಮಾಡುವಾಗಲೇ 0.3 ಕಳೆದುಕೊಳ್ಳುವವರು ಬೇಕಾದಷ್ಟಿದ್ದರು. ಅವರ ಪಾಲಿಗೆ ಆ ಎಲಿಮೆಂಟ್ ಬಿಟ್ಟಿ ದುಡಿಮೆ. ಈಗ ಅದು ಬೇಡ. ಪರೀಕ್ಷೆಯಲ್ಲಿ ಹತ್ತು ಪ್ರಶ್ನೆಗಳಿಗೂ ಉತ್ತರಿಸಿ ಅನ್ನುವ ಬದಲು ಯಾವುದಾದರೂ ಎಂಟಕ್ಕೆ ಅಂದ ಹಾಗೆ. ಆದರೆ ಅಂಥ ಪರೀಕ್ಷೆಯಲ್ಲಿ ಅಕ್ಷರ ಚೆನ್ನಾಗಿಲ್ಲ ಅಂತ ಅಂಕ ಕಳೆದರೆ ಯಾವ ನೆಪವೂ ನಡೆಯುವುದಿಲ್ಲ, ಅಲ್ವಾ?

ಇದೇನೂ ಹೊಸ ಪ್ರಯೋಗ ಅಲ್ಲ. ಮಹಿಳೆಯರ ವಿಭಾಗದಲ್ಲಿ 2009ರಲ್ಲೇ ಹತ್ತರಿಂದ ಎಂಟಕ್ಕೆ ಇಳಿಸಿದ್ದರು. ಪುರುಷರ ಕಡೆಯವರು ಅದೇ ತೀರ್ಮಾನಕ್ಕೆ ಬರಲು ಹದಿನಾರು ವರ್ಷ ತೆಗೆದುಕೊಂಡರು. ಆರು ಉಪಕರಣ, ಒಂದೊಂದರಲ್ಲೂ ಹತ್ತು ಎಲಿಮೆಂಟ್. ಭುಜ, ಮಣಿಕಟ್ಟು, ಹಿಮ್ಮಡಿಯ ಸ್ನಾಯುಗಳಿಗೆ ಅದು ಎಂಥ ಹೊರೆ ಅಂತ ಊಹಿಸಬಹುದು. ಪ್ಯಾರಿಸ್‌ನ ಅದೇ ಹೈ ಬಾರ್ ಫೈನಲ್‌ನಲ್ಲಿ ಎಡವಟ್ಟು ಮಾಡಿಕೊಂಡವರ ಸಾಲು ಉದ್ದವಿತ್ತು. 13.966ಕ್ಕೆ ಕಂಚು ಸಿಕ್ಕಿತು, ಅದೂ ಇಬ್ಬರಿಗೆ. ನೋಡುವವರಿಗೆ ಅದರಲ್ಲಿ ಖುಷಿಗಿಂತ ಆತಂಕವೇ ಜಾಸ್ತಿ ಇತ್ತು. ನನ್ನ ಅಭಿಪ್ರಾಯ ಕೇಳಿದರೆ ಎರಡು ಎಲಿಮೆಂಟ್ ಕಡಿಮೆ ಮಾಡಿದ್ದು ಒಳ್ಳೆಯದೇ ಆಯಿತು. ಇನ್ನೂ ಮೊದಲೇ ಮಾಡಬಹುದಿತ್ತು.

ಒಂದು ಎಚ್ಚರ: ಹಳೆಯ ಅಂಕಗಳ ಪಕ್ಕ ಹೊಸದನ್ನು ಇಟ್ಟು ಆಟದ ಮಟ್ಟ ಕುಸಿಯಿತು ಅನ್ನಬಾರದು. 2016ರ ರಿಯೊದಲ್ಲಿ ಆರು ಉಪಕರಣಗಳ ಆಲ್‌ರೌಂಡ್ ಚಿನ್ನ ಗೆದ್ದ ಕೊಹೆಯ್ ಉಚಿಮುರಾ ಅವರದ್ದು 92.365. ಟೋಕಿಯೊದಲ್ಲಿ ದೈಕಿ ಹಶಿಮೊಟೊ 88.465ಕ್ಕೆ ಗೆದ್ದರು. ಪ್ಯಾರಿಸ್‌ನಲ್ಲಿ ಒಕಾ 86.832ಕ್ಕೆ. 2025ರ ಅಕ್ಟೋಬರ್‌ನಲ್ಲಿ ಜಕಾರ್ತದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹಶಿಮೊಟೊ ಮೂರನೇ ಸಲ ವಿಶ್ವ ಆಲ್‌ರೌಂಡ್ ಪ್ರಶಸ್ತಿ ಗೆದ್ದಾಗ ಅಂಕ 85ರ ಸುತ್ತ ಇತ್ತು. ಪ್ರತಿ ಸಲವೂ ಅಳತೆಗೋಲು ಬದಲಾಗಿದೆ. ಉಚಿಮುರಾ ಇವತ್ತಿನ ನಿಯಮದಲ್ಲಿ ಆಡಿದ್ದರೆ ಅವರಿಗೂ 92 ಬರುತ್ತಿರಲಿಲ್ಲ.

ಇನ್ನೊಂದು ಬದಲಾವಣೆ ನೋಡಲು ಚಿಕ್ಕದು. ಕೊನೆಯಲ್ಲಿ ಇಳಿದಾಗ ಕಾಲು ಒಂದಿಷ್ಟೂ ಅಲ್ಲಾಡದೆ ನೆಟ್ಟಗೆ ನಿಂತರೆ 0.1 ಬೋನಸ್. ಇದಕ್ಕೆ ಸ್ಟಿಕ್ ಬೋನಸ್ ಅನ್ನುತ್ತಾರೆ. ಅಮೆರಿಕದ ಕಾಲೇಜು ಮಟ್ಟದ ಪುರುಷರ ಸ್ಪರ್ಧೆಗಳಲ್ಲಿ ಇದು ಮೊದಲೇ ಇತ್ತು. ಈಗ ವಿಶ್ವ ಮಟ್ಟಕ್ಕೂ ಬಂದಿದೆ. ಮೊದಲು ನೆಟ್ಟಗೆ ನಿಂತವನಿಗೂ ಒಂದು ಪುಟ್ಟ ಹೆಜ್ಜೆ ಇಟ್ಟವನಿಗೂ ಇದ್ದ ವ್ಯತ್ಯಾಸ 0.1. ಈಗ ಒಬ್ಬನಿಗೆ ಬೋನಸ್, ಇನ್ನೊಬ್ಬನಿಗೆ ಕಡಿತ. ವ್ಯತ್ಯಾಸ 0.2. ಅಂದರೆ ದುಪ್ಪಟ್ಟು.

0.2 ಅಂದರೆ ಎಷ್ಟು ಅಂತ ತಿಳಿಯಲು ರಿಯೊದ ಆ ಆಲ್‌ರೌಂಡ್ ಫೈನಲ್ ನೆನಪಿಸಿಕೊಳ್ಳಿ. ಐದು ಉಪಕರಣ ಮುಗಿದಾಗ ಉಕ್ರೇನಿನ ಒಲೆಗ್ ವೆರ್ನ್ಯಾಯೆವ್ 0.901ರಷ್ಟು ಮುಂದಿದ್ದರು. ಉಳಿದದ್ದು ಹೈ ಬಾರ್ ಒಂದೇ. ಉಚಿಮುರಾ ಮೈಮೇಲೆ ಬಂದವರಂತೆ ಆಡಿದರು, ಡಿಸ್‌ಮೌಂಟ್‌ನಲ್ಲಿ ನೆಟ್ಟ ಕಂಬದಂತೆ ನಿಂತರು, 15.800 ಪಡೆದರು. ವೆರ್ನ್ಯಾಯೆವ್ ಇಳಿದಾಗ ಮುಂದಕ್ಕೆ ಒಂದು ಪುಟ್ಟ ಜಿಗಿತ. 14.800. ಕೊನೆಗೆ 92.365 ಮತ್ತು 92.266. ಅಂತರ 0.099. ಒಂದು ಹೆಜ್ಜೆಗೆ ಕಳೆಯುವ 0.1ಕ್ಕಿಂತಲೂ ಕಡಿಮೆ! ಆ ದಿನ ಬೋನಸ್ ಇರಲಿಲ್ಲ. ಇದ್ದಿದ್ದರೆ ಕೊನೆಯ ಆ ಒಂದು ಕ್ಷಣದ ಬೆಲೆ ಇನ್ನೂ ಏರುತ್ತಿತ್ತು. ಪ್ಯಾರಿಸ್‌ನ ಫ್ಲೋರ್ ಫೈನಲ್‌ನಲ್ಲಂತೂ ಫಿಲಿಪ್ಪೀನ್ಸ್‌ನ ಕಾರ್ಲೊಸ್ ಯುಲೊ 15.000, ಇಸ್ರೇಲ್‌ನ ಆರ್ಟೆಮ್ ಡೊಲ್ಗೊಪ್ಯಾಟ್ 14.966. ಚಿನ್ನಕ್ಕೂ ಬೆಳ್ಳಿಗೂ ನಡುವೆ 0.034.

ಹೀಗಾಗಿ ಕೋಚ್‌ಗಳ ಲೆಕ್ಕವೂ ಬದಲಾಗಬೇಕು. 0.1 ಜಾಸ್ತಿ ಬೆಲೆಯ ಡಿಸ್‌ಮೌಂಟ್ ಹಾಕಿ ಹೆಜ್ಜೆ ಇಡುವುದೋ, 0.1 ಕಡಿಮೆಯದ್ದನ್ನು ಹಾಕಿ ನೆಟ್ಟಗೆ ನಿಲ್ಲುವುದೋ? ಮೊದಲು ಎರಡೂ ಒಂದೇ ಆಗುತ್ತಿತ್ತು. ಈಗ ಎರಡನೆಯದು 0.1 ಮೇಲೆ. ದೊಡ್ಡ ಸಾಹಸಕ್ಕಿಂತ ಭದ್ರವಾಗಿ ಇಳಿಯುವುದಕ್ಕೆ ಬೆಲೆ ಬಂದಿದೆ. ಸಾಹಸ ನೋಡಲೆಂದೇ ಟಿವಿ ಮುಂದೆ ಕೂರುವವರಿಗೆ ಇದು ಅಷ್ಟು ರುಚಿಸಲಿಕ್ಕಿಲ್ಲ.

ನಮ್ಮ ದೇಶದ ಹುಡುಗರಿಗೆ ಇದರಿಂದ ಏನು? ಭಾರತದ ಪುರುಷರ ಜಿಮ್ನಾಸ್ಟಿಕ್ಸ್ ಅಂದರೆ ಈಗಲೂ ನೆನಪಾಗುವುದು 2010. ದೆಹಲಿಯ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಆಶಿಶ್ ಕುಮಾರ್ ಫ್ಲೋರ್‌ನಲ್ಲಿ ಕಂಚು, ವಾಲ್ಟ್‌ನಲ್ಲಿ ಬೆಳ್ಳಿ ಗೆದ್ದರು. ಅದೇ ವರ್ಷ ಏಷ್ಯನ್ ಗೇಮ್ಸ್‌ನಲ್ಲಿ ಫ್ಲೋರ್ ಕಂಚು. ಮೇಲಿನ ಲೆಕ್ಕದ ಪ್ರಕಾರ ಡಿ ಸ್ಕೋರ್‌ನಲ್ಲಿ ಹಿಂದಿರುವವರಿಗೆ ಅಂತರ ಕಡಿಮೆಯಾಗುತ್ತದೆ. ಕಾಗದದ ಮೇಲೆ ಇದು ನಮ್ಮಂಥ ದೇಶಗಳಿಗೆ ಒಳ್ಳೆಯ ಸುದ್ದಿ. ಆದರೆ ಅಚ್ಚುಕಟ್ಟು ಬರುವುದು ಎಳೆಯ ವಯಸ್ಸಿನಿಂದ ಒಳ್ಳೆಯ ಮ್ಯಾಟ್, ಫೋಮ್ ತುಂಬಿದ ಗುಂಡಿ, ಸ್ಪ್ರಿಂಗ್ ಇರುವ ಫ್ಲೋರ್ ಮೇಲೆ ಸಾವಿರಾರು ಸಲ ಇಳಿದಾಗ. ಕಷ್ಟದ ಒಂದು ಹಾರಿಕೆಯನ್ನು ಛಲದಿಂದ ಕಲಿಯಬಹುದು. ರಿಯೊದಲ್ಲಿ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ ಪ್ರೊಡುನೊವಾ ಅನ್ನುವ ಕಷ್ಟದ ಹಾರಿಕೆ ಮಾಡಿ, ಎರಡು ಹಾರಿಕೆಗಳ ಸರಾಸರಿ 15.066 ಪಡೆದು ನಾಲ್ಕನೇ ಸ್ಥಾನಕ್ಕೆ ಬಂದದ್ದು ಆ ಛಲದಿಂದಲೇ. 7.0 ಡಿ ಸ್ಕೋರ್ ಇದ್ದ ಆ ಹಾರಿಕೆಯೇ ಅವರನ್ನು ಕಂಚಿನಿಂದ 0.150 ದೂರದವರೆಗೆ ತಂದಿತ್ತು. ಹೊಸ ನಿಯಮದ ಗಾಳಿ ಪುರುಷರ ಕಡೆ ಆ ದಾರಿಯ ವಿರುದ್ಧ ಬೀಸುತ್ತಿದೆ. ಸೌಕರ್ಯ ಕಡಿಮೆ ಇರುವ ಕಡೆ ಎದೆಗಾರಿಕೆ ಹುಟ್ಟಬಹುದು. ಅಚ್ಚುಕಟ್ಟಿಗೆ ಮಾತ್ರ ಸೌಕರ್ಯ ಬೇಕೇ ಬೇಕು.

ಲಾಸ್ ಏಂಜಲೀಸ್‌ಗೆ ಇನ್ನೊಂದು ಹೊಸತಿದೆ. ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಪುರುಷರು ಮತ್ತು ಮಹಿಳೆಯರು ಒಂದೇ ತಂಡದಲ್ಲಿ ಆಡುವ ಮಿಶ್ರ ತಂಡ ಸ್ಪರ್ಧೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ (ಐಒಸಿ) 2025ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಮುಂದಿನ ತಿಂಗಳೇ ಲೈಪ್‌ಜಿಗ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಜೋಡಿಯಾಗಿ ಆಡುವ ಸ್ಪರ್ಧೆ ನಡೆಯಿತು. ಆತಿಥೇಯ ಜರ್ಮನಿ ಗೆದ್ದಿತು. ಸ್ಟೇಡಿಯಂ ಕುಣಿಯಿತು, ಟಿವಿಯವರಿಗೂ ಇಂಥದ್ದೇ ಬೇಕು. ಪುರುಷರಿಗೆ ಆರು ಉಪಕರಣ, ಮಹಿಳೆಯರಿಗೆ ನಾಲ್ಕು. ಇಬ್ಬರಿಗೂ ಹೆಸರಿನಲ್ಲಿ ಒಂದೇ ಆಗಿರುವುದು ಫ್ಲೋರ್ ಮತ್ತು ವಾಲ್ಟ್ ಮಾತ್ರ. ಎರಡು ಬೇರೆ ಬೇರೆ ಪುಸ್ತಕದ ಅಂಕಗಳನ್ನು ಕೂಡಿಸಿ ಒಂದು ಮೊತ್ತ ಮಾಡುವುದು ನನಗೇನೋ ಸರಿಬರುವುದಿಲ್ಲ. ಜೊತೆಗೆ ಅರ್ಹತಾ ಸುತ್ತು, ತಂಡ, ಆಲ್‌ರೌಂಡ್, ಉಪಕರಣ ಫೈನಲ್ ಅಂತ ಈಗಾಗಲೇ ಸುಸ್ತಾಗುವ ಅದೇ ಮೈಗಳಿಗೆ ಇನ್ನೊಂದು ದಿನದ ಕೆಲಸ. ಎರಡು ಎಲಿಮೆಂಟ್ ಕಮ್ಮಿ ಮಾಡಿ ಕೊಟ್ಟ ವಿಶ್ರಾಂತಿಯನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡ ಹಾಗಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ನಿಜಕ್ಕೂ ಅನುಮಾನ ಇರುವ ಜಾಗಕ್ಕೆ ಬರುತ್ತೇನೆ. ಡಿ ಸ್ಕೋರ್‌ನ ಅಂತರ ಕುಗ್ಗಿದರೆ ಪದಕ ನಿರ್ಧಾರ ಆಗುವುದು ಇ ಸ್ಕೋರ್‌ನಲ್ಲಿ. ಡಿ ಸ್ಕೋರ್ ಎಣಿಸುವಂಥದ್ದು. ವಿಡಿಯೊ ಹಾಕಿ ಯಾವ ಎಲಿಮೆಂಟ್ ಮಾಡಿದ, ಯಾವುದು ಮಾಡಲಿಲ್ಲ ಅಂತ ಬೆರಳು ತೋರಿಸಿ ಹೇಳಬಹುದು. ಇ ಸ್ಕೋರ್ ಕಣ್ಣಂದಾಜು. ಹಲವು ತೀರ್ಪುಗಾರರು ಬೇರೆ ಬೇರೆಯಾಗಿ ಕಡಿತ ಹಾಕುತ್ತಾರೆ. ತೀರ ಜಾಸ್ತಿ, ತೀರ ಕಡಿಮೆ ಇರುವುದನ್ನು ಬಿಟ್ಟು ನಡುವಿನ ಮೂರರ ಸರಾಸರಿ ತೆಗೆಯುತ್ತಾರೆ. ಜಿಮ್ನಾಸ್ಟಿಕ್ಸ್ ಅಂಕಗಳು ಎಷ್ಟೋ ಸಲ .033, .066, .533 ಅಂತ ಕೊನೆಯಾಗುವುದು ಮೂರರಿಂದ ಭಾಗಿಸುವುದಕ್ಕೇ. ಮೂವರಲ್ಲಿ ಒಬ್ಬರಿಗೆ ಮಾತ್ರ ಆ ಬಾಗಿದ ಮೊಣಕಾಲು ಕಂಡರೂ 0.033 ಹೋಯಿತು. ಯುಲೊ ಮತ್ತು ಡೊಲ್ಗೊಪ್ಯಾಟ್ ನಡುವೆ ಇದ್ದದ್ದು ಹೆಚ್ಚು ಕಡಿಮೆ ಅಷ್ಟೇ.

ಡಿ ಸ್ಕೋರ್ ಬಗ್ಗೆ ತಕರಾರಿದ್ದರೆ ಕೋಚ್ ಮರುಪರಿಶೀಲನೆ ಕೇಳಬಹುದು. ಮೊದಲನೆಯದಕ್ಕೆ 300 ಡಾಲರ್, ಎರಡನೆಯದಕ್ಕೆ 500, ಮೂರನೆಯದಕ್ಕೆ 1000. ಪ್ಯಾರಿಸ್‌ನ ಮಹಿಳೆಯರ ಫ್ಲೋರ್‌ನಲ್ಲಿ ಅಮೆರಿಕದ ಜೋರ್ಡಾನ್ ಚೈಲ್ಸ್ ಅವರ ಕಂಚು ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಯಿತಲ್ಲ, ಅಂಥ ಮರುಪರಿಶೀಲನೆಯಿಂದಲೇ. ಡಿ ಸ್ಕೋರ್‌ನ 0.1ಕ್ಕಾಗಿ ಕೇಳಿದ ಮರುಪರಿಶೀಲನೆ ನಾಲ್ಕು ಸೆಕೆಂಡ್ ತಡವಾಗಿತ್ತು ಅನ್ನುವುದು ಜಗಳ. ಇ ಸ್ಕೋರ್ ಬಗ್ಗೆ? ಕೇಳುವಂತೆಯೇ ಇಲ್ಲ. ದುಡ್ಡು ಕೊಟ್ಟರೂ ಇಲ್ಲ, ಸಮಯಕ್ಕೆ ಸರಿಯಾಗಿ ಹೋದರೂ ಇಲ್ಲ. ಅಂದರೆ ಈ ನಿಯಮಾವಳಿ ಮೇಲ್ಮನವಿ ಇರುವ ಕಡೆಯಿಂದ ಮೇಲ್ಮನವಿ ಇಲ್ಲದ ಕಡೆಗೆ ಪದಕವನ್ನು ಸಾಗಿಸಿದೆ.

ಈ ಆಟ ಕಣ್ಣಂದಾಜಿನಿಂದ ಒಮ್ಮೆ ಸುಟ್ಟುಕೊಂಡಿದೆ. 2004ರ ಅಥೆನ್ಸ್‌ನಲ್ಲಿ ಇನ್ನೂ ಹಳೆಯ 10 ಅಂಕದ ಪದ್ಧತಿ ಇತ್ತು. ದಕ್ಷಿಣ ಕೊರಿಯಾದ ಯಾಂಗ್ ತೇ-ಯಂಗ್ ಅವರ ಪ್ಯಾರಲಲ್ ಬಾರ್ಸ್ ರೂಟೀನ್‌ಗೆ ಕಷ್ಟಕ್ಕೆ ತಕ್ಕಂತೆ 10.0 ಆರಂಭಿಕ ಅಂಕ, ಅಂದರೆ ಕಡಿತ ಶುರುವಾಗುವ ಅಂಕ, ಕೊಡಬೇಕಿತ್ತು, 9.9 ಕೊಟ್ಟರು. ಅವರು ಆಲ್‌ರೌಂಡ್ ಚಿನ್ನವನ್ನು 0.049ರಿಂದ ಕಳೆದುಕೊಂಡರು. ಅಮೆರಿಕದ ಪಾಲ್ ಹ್ಯಾಮ್ ಗೆದ್ದರು. ಮೂವರು ತೀರ್ಪುಗಾರರನ್ನು ಅಮಾನತು ಮಾಡಿದರು, ಆದರೆ ಫಲಿತಾಂಶ ಬದಲಾಗಲಿಲ್ಲ. ವಿಡಿಯೊ ನೋಡಿದವರು ಇನ್ನೊಂದು ಮಾತೂ ಹೇಳಿದರು: ಅದೇ ರೂಟೀನ್‌ನಲ್ಲಿ ಯಾಂಗ್ ಮಾಡಿದ ಒಂದು ತಪ್ಪಿಗೆ ಕಡಿತ ಹಾಕಿರಲೇ ಇಲ್ಲ, ಹಾಕಿದ್ದರೆ ಅವರು ಗೆಲ್ಲುತ್ತಲೂ ಇರಲಿಲ್ಲ. ಅದೇ ಕೂಟದ ಹೈ ಬಾರ್ ಫೈನಲ್‌ನಲ್ಲಿ ರಷ್ಯಾದ ಅಲೆಕ್ಸೀ ನೆಮೊವ್‌ಗೆ ಕೊಟ್ಟ 9.725 ನೋಡಿ ಪ್ರೇಕ್ಷಕರು ಬೊಬ್ಬೆ ಹೊಡೆದು ಆಟವನ್ನೇ ನಿಲ್ಲಿಸಿದರು. ಆ ಗಲಾಟೆಯ ನಡುವೆ ಅಂಕ 9.762 ಆಯಿತು. ಜನ ಕೂಗಿದರೆ ಅಂಕ ಏರುತ್ತದೆ ಅಂತ ಜಗತ್ತೇ ನೋಡಿತು. ಇದಾದ ಎರಡೇ ವರ್ಷಕ್ಕೆ, 2006ರಲ್ಲಿ, ಪರಿಪೂರ್ಣ 10 ಹೋಗಿ ಈಗಿನ ಎರಡು ಅಂಕಗಳ ಪದ್ಧತಿ ಬಂತು.

ಕಣ್ಣಿಗೆ ಸಹಾಯವಾಗಿ ಯಂತ್ರ ಇದೆ. ಎಫ್‌ಐಜಿ ಜಪಾನಿನ ಫುಜಿತ್ಸು ಕಂಪನಿ ಜೊತೆ ಸೇರಿ ಮೈಯ ಕೋನಗಳನ್ನು ಮೂರು ಆಯಾಮದಲ್ಲಿ ಅಳೆಯುವ ವ್ಯವಸ್ಥೆ ಮಾಡಿಸಿದೆ. 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆಲವು ಉಪಕರಣಗಳಿಗೆ ಬಳಸಿದರು. 2023ರ ಆಂಟ್‌ವರ್ಪ್ ಹೊತ್ತಿಗೆ ಪುರುಷರ ಆರು, ಮಹಿಳೆಯರ ನಾಲ್ಕು, ಒಟ್ಟು ಹತ್ತೂ ಉಪಕರಣಕ್ಕೆ ಸಿದ್ಧವಾಗಿತ್ತು. ರಿಂಗ್ಸ್‌ನಲ್ಲಿ ಕೈ ಚಾಚಿ ಶಿಲುಬೆಯಂತೆ ಎರಡು ಸೆಕೆಂಡ್ ನಿಲ್ಲಬೇಕು. ತೋಳು ಇರಬೇಕಾದ ಮಟ್ಟಕ್ಕಿಂತ ಸ್ವಲ್ಪ ಮೇಲಿದ್ದರೆ 0.1 ಕಡಿತ, ಇನ್ನೂ ಜಾಸ್ತಿ ವಾಲಿದರೆ 0.3. ಎಲ್ಲಿ 0.1 ಮುಗಿದು 0.3 ಶುರುವಾಯಿತು ಅಂತ ಕೆಳಗೆ ಕುರ್ಚಿಯಲ್ಲಿ ಕೂತವರು ಕಣ್ಣಲ್ಲೇ ಅಳೆಯಬೇಕು. ಯಂತ್ರಕ್ಕೆ ಅದು ಕ್ಷಣದ ಕೆಲಸ.

ಆದರೆ ಅದನ್ನು ಮುಖ್ಯವಾಗಿ ಕರೆಯುವುದು ಮರುಪರಿಶೀಲನೆ ಬಂದಾಗ, ಇಲ್ಲವೇ ತೀರ್ಪುಗಾರರ ಅಂಕಗಳು ತೀರ ದೂರ ದೂರ ಇದ್ದಾಗ. ಎಲ್ಲರೂ ಒಂದೇ ತಪ್ಪನ್ನು ಒಟ್ಟಿಗೆ ಮಾಡಿದರೆ ಅಂಕಗಳು ಹತ್ತಿರ ಹತ್ತಿರವೇ ಇರುತ್ತವೆ, ಯಂತ್ರವನ್ನು ಕರೆಯುವ ಪ್ರಮೇಯವೇ ಬರುವುದಿಲ್ಲ. 2026ರ ವಿಶ್ವ ಚಾಂಪಿಯನ್‌ಷಿಪ್ ರಾಟರ್‌ಡ್ಯಾಮ್‌ಗೆ, 2027ರದ್ದು ಚೆಂಗ್ಡುಗೆ ನಿಗದಿಯಾಗಿದೆ. ಲಾಸ್ ಏಂಜಲೀಸ್‌ಗೆ ಮೊದಲು ಇ ಸ್ಕೋರ್‌ಗೂ ಮರುಪರಿಶೀಲನೆ ಕೊಟ್ಟು, ಕನಿಷ್ಠ ಕೋನ ಮತ್ತು ಲ್ಯಾಂಡಿಂಗ್‌ನ ಹೆಜ್ಜೆಯನ್ನಾದರೂ ಯಂತ್ರಕ್ಕೆ ತೋರಿಸಿ ನೋಡಲು ಇರುವುದು ಇವೆರಡೇ ವಿಶ್ವ ಕೂಟ.